ಸೀಲು ಬಿದ್ದ ಅರ್ಜಿ

16 ಏಪ್ರಿಲ್ 2024, ಮಂಗಳವಾರ

ಟಿಫಿನ್ ಹೋಟೆಲಿನ ಆಯಮ್ಮ ಸಂಜೆ ಬಂದಿದ್ದರು. ಮನೆ ಜಗುಲಿಯಲ್ಲೇ ಇಟ್ಟುಕೊಂಡಿರುವ ಪುಟ್ಟ ಹೋಟೆಲು, ಬೆಳಿಗ್ಗೆ ಹತ್ತಕ್ಕೆಲ್ಲ ಪಾತ್ರೆ ಖಾಲಿ. ಯಾವ ಊರು ಎಂದು ಇಲ್ಲಿ ಬರೆಯುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕರಲ್ಲಿ ಒಂದು ಅಂದರೆ ಸಾಕು. ದಿನಚರಿಯೇ ಆದರೂ ಕಾಗದ ಕಾಗದವೇ, ಯಾರ ಕೈಗೆ ಬೇಕಾದರೂ ಹೋಗುತ್ತದೆ. ಮುನಿಸಿಪಾಲಿಟಿಯಲ್ಲಿ ಗುಮಾಸ್ತನಾಗಿ ಸೇರಿ ಅಲ್ಲೇ ನಿವೃತ್ತನಾದವನಿಗೆ ಇಷ್ಟಾದರೂ ಬುದ್ಧಿ ಇರಬೇಕು.

"ಸಾರ್, ನಮ್ಮ ಕೌನ್ಸಿಲರ್ ಮೇಲೊಂದು ಕಂಪ್ಲೇಂಟ್ ಬರ್ಕೊಡಿ."

"ಏನು ಮಾಡಿದರಮ್ಮ?"

"ಏನು ಮಾಡಿಲ್ಲ ಅಂತ ಕೇಳಿ."

ಚರಂಡಿ ಬಳಿದಿಲ್ಲ, ಬೀದಿ ದೀಪ ಇಲ್ಲ, ಹಂದಿ ಕಾಟ, ಟ್ಯಾಂಕರ್ ನೀರು ಬರುವುದಿಲ್ಲ. ಇದೆಲ್ಲ ಒಂದೇ ಅರ್ಜಿಗೆ ಹಾಕಿದರೆ ಮಸ್ಸೊಪ್ಪು ಆಗುತ್ತದೆ, ಯಾವ ಸೊಪ್ಪು ಯಾವುದೆಂದು ತಿನ್ನುವವನಿಗೆ ತಿಳಿಯುವುದಿಲ್ಲ. ಚರಂಡಿಗೂ ದೀಪಕ್ಕೂ ಉತ್ತರ ಹೇಳಬೇಕಾದವರು ಪೌರಾಯುಕ್ತರು ಅಥವಾ ಮುಖ್ಯಾಧಿಕಾರಿ, ಆರೋಗ್ಯ ನಿರೀಕ್ಷಕರು, ಎಂಜಿನಿಯರು. ಕೌನ್ಸಿಲರ್ ಕೈಯಲ್ಲಿ ಪೊರಕೆಯೂ ಇಲ್ಲ, ಚೆಕ್ ಪುಸ್ತಕವೂ ಇಲ್ಲ. ಅವರ ನಡತೆಯ ಮೇಲೆ ದೂರು ಅಂದರೆ ಅದೇ ಬೇರೆ.

ಕೆದಕಿ ಕೇಳಿದಾಗ ಅದೂ ಸಿಕ್ಕಿತು. ಮುನಿಸಿಪಾಲಿಟಿ ಬಾಡಿಗೆಗೆ ಹಿಡಿದಿರುವ ಟ್ಯಾಂಕರು ಬೆಳಗಿನ ಜಾವ ಮೊದಲು ಹೋಗುವುದು ಕೌನ್ಸಿಲರ್ ಭಾವನವರು ಕಟ್ಟಿಸುತ್ತಿರುವ ಕಟ್ಟಡದ ಸಂಪಿಗೆ. ಉಳಿದದ್ದು ಬೀದಿಗೆ. ಇವರು ಹೋಗಿ ಕೇಳಿದ್ದಾರೆ. ಕೌನ್ಸಿಲರ್ ನಾಲ್ಕು ಜನರ ಮುಂದೆ, "ನೀನು ಯಾರಿಗೆ ಓಟು ಹಾಕ್ದೆ ಅಂತ ನಂಗೊತ್ತು, ನೀರೂ ಅವರ ಹತ್ರಾನೇ ಕೇಳ್ಕೋ" ಅಂದನಂತೆ. ನೀರು ಬಾರದ್ದಕ್ಕಿಂತ ಈ ಮಾತಿಗೇ ಆಯಮ್ಮನಿಗೆ ಸಂಕಟ.

ಇದು ದೂರು. ಬರೆಯಬಹುದು.

18 ಏಪ್ರಿಲ್, ಗುರುವಾರ

ಅರ್ಜಿ ಬರೆದೆ. ಒಂದೇ ಪುಟ. ದಿನಾಂಕ, ಹೊತ್ತು, ಟ್ಯಾಂಕರಿನ ನಂಬರು, ನೋಡಿದವರು ಯಾರು, ಆಡಿದ ಮಾತು ಏನು. "ಭ್ರಷ್ಟ", "ದುರಹಂಕಾರಿ" ಮುಂತಾದ ಪದಗಳನ್ನೆಲ್ಲ ಹೊಡೆದು ಹಾಕಿದೆ. ಆಯಮ್ಮನಿಗೆ ಅದು ಸಮಾಧಾನವಿಲ್ಲ. "ಸ್ವಲ್ಪ ಖಾರವಾಗಿ ಬರೀರಿ ಸಾರ್" ಅನ್ನುತ್ತಾರೆ. ಖಾರ ಹೆಚ್ಚಾದ ಅರ್ಜಿಯನ್ನು ವೈಯಕ್ತಿಕ ದ್ವೇಷ ಎಂದು ಷರಾ ಬರೆದು ಮುಚ್ಚುವುದು ಸುಲಭ. ಅಂಥ ಷರಾ ನಾನೇ ಎಷ್ಟೋ ಬರೆದು ಮೇಲಕ್ಕೆ ಕಳಿಸಿದ್ದೇನೆ.

"ಹೆಸರು ಹಾಕ್ಲೇಬೇಕಾ? 'ನೊಂದ ನಾಗರಿಕರು' ಅಂತ ಹಾಕಿದ್ರೆ ಆಗಲ್ವಾ?"

ಆಗುವುದಿಲ್ಲ. ಮೂಗರ್ಜಿಗೆ ನಮ್ಮ ಕಚೇರಿಗಳಲ್ಲಿ ಒಂದೇ ಗತಿ, ಕಡತಕ್ಕೆ ಸೇರಿಸಿ ಮುಕ್ತಾಯ. ಇನ್ನು ಕೆಲವರಿಗೆ ಪ್ರತಿ ಕಳಿಸುವ ಚಪಲ. ಪ್ರಧಾನಮಂತ್ರಿಗಳಿಗೆ, ಮುಖ್ಯಮಂತ್ರಿಗಳಿಗೆ, ರಾಜ್ಯಪಾಲರಿಗೆ, ಎಲ್ಲ ಟಿವಿಗಳಿಗೆ. ಪ್ರತಿಗಳ ಪಟ್ಟಿ ಅರ್ಜಿಗಿಂತ ಉದ್ದವಿದ್ದರೆ ಓದುವವನು ಮೊದಲು ಪಟ್ಟಿ ನೋಡುತ್ತಾನೆ, ಬೇರೆ ಯಾರಾದರೂ ಕ್ರಮ ಕೈಗೊಳ್ಳುತ್ತಾರೆ ಎಂದು ಬದಿಗಿಡುತ್ತಾನೆ. ನಾನು ಹಾಕಿದ್ದು ಎರಡೇ: ಜಿಲ್ಲಾಧಿಕಾರಿಗೆ, ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ.

ಆಯಮ್ಮ ಯೋಚಿಸಿ ಸಹಿ ಹಾಕಿದರು. ತೆಲುಗಿನಲ್ಲಿ. ಗಡಿಯಾಚೆ ಪಲಮನೇರು ಕಡೆಯ ತವರು, ನಾಲ್ಕನೇ ಕ್ಲಾಸಿನ ತನಕ ಅಲ್ಲೇ ಓದಿದ್ದು. ಕನ್ನಡ ನಿರರ್ಗಳ ಮಾತಾಡುತ್ತಾರೆ, ಬೋರ್ಡು ಓದುತ್ತಾರೆ, ಕೈ ಮಾತ್ರ ತೆಲುಗು. ನಮ್ಮ ಕಡೆ ಇದೇನು ಹೊಸದಲ್ಲ.

26 ಏಪ್ರಿಲ್, ಶುಕ್ರವಾರ

ಲೋಕಸಭೆಗೆ ಮತದಾನ. ಬಿಸಿಲಿಗೆ ಹೆದರಿ ಏಳಕ್ಕೇ ಹೋಗಿ ಬಂದೆವು. ಮತಗಟ್ಟೆ ಹೊರಗೆ ಎಲ್ಲರ ಬಾಯಲ್ಲೂ ನೀರಿನ ಮಾತೇ. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಕಳಿಸುವ ಕೆ.ಸಿ. ವ್ಯಾಲಿ ನೀರು 2018ರಿಂದ ಕೆರೆಗಳಿಗೆ ಬರುತ್ತಿದೆ, ಅದನ್ನು ಕುಡಿಯುವಂತಿಲ್ಲ. ಯರಗೋಳ್ ಅಣೆಕಟ್ಟು ಹೋದ ವರ್ಷ ಉದ್ಘಾಟನೆಯಾಗಿದ್ದು ಕೋಲಾರ, ಮಾಲೂರು, ಬಂಗಾರಪೇಟೆಗೆ. ಕೊನೆಗೆ ಬೇಸಿಗೆಯ ದೇವರು ಟ್ಯಾಂಕರೇ. ಬರಗಾಲದ ವರ್ಷದಲ್ಲಿ ಟ್ಯಾಂಕರು ಯಾವ ಬೀದಿಗೆ ತಿರುಗಬೇಕು ಎಂದು ಹೇಳುವ ಬಾಯಿಗೆ ಶಾಸಕರಿಗಿಂತ ಹೆಚ್ಚಿನ ಬೆಲೆ.

13 ಮೇ, ಸೋಮವಾರ

ಆಯಮ್ಮನ ಜೊತೆ ಮುನಿಸಿಪಾಲಿಟಿಗೆ ಹೋದೆ. ಟಪಾಲು ಶಾಖೆಯ ಹುಡುಗ ಅರ್ಜಿ ಓದಿ, "ಇಟ್ಟು ಹೋಗಿ" ಅಂದ.

"ಸ್ವೀಕೃತಿ ಕೊಡಪ್ಪ."

"ನೀತಿ ಸಂಹಿತೆ ಇದೆಯಲ್ಲ ಸಾರ್. ಜೂನ್ ಮೇಲೆ ಬನ್ನಿ."

ನೀತಿ ಸಂಹಿತೆ ಇರುವುದು ಹೊಸ ಯೋಜನೆ ಘೋಷಣೆಗೆ, ಪ್ರಚಾರಕ್ಕೆ. ಪ್ರಜೆ ಕೊಟ್ಟ ಕಾಗದ ತೆಗೆದುಕೊಳ್ಳಬೇಡಿ ಎಂದು ಯಾವ ಆಯೋಗವೂ ಹೇಳಿಲ್ಲ. ಮಾರ್ಚ್ 16ರಿಂದ ಈ ಒಂದು ನೆಪದಲ್ಲಿ ಎಷ್ಟು ಅರ್ಜಿ ವಾಪಸ್ ಹೋಗಿವೆಯೋ. ನಾನು ಜಗಳವಾಡಲಿಲ್ಲ. ಎದುರಿಗಿದ್ದ ಸ್ಟೂಲಿನ ಮೇಲೆ ಕೂತೆ. ಆಯಮ್ಮನೂ ಕೂತರು. ಹುಡುಗ ಮೂರು ಸಲ ನಮ್ಮನ್ನು ನೋಡಿದ, ಒಳಗೆ ಹೋಗಿ ಬಂದ. ಕೊನೆಗೆ ಡ್ರಾಯರ್ ಎಳೆದು, ಒಣಗಿದ ಇಂಕ್ ಪ್ಯಾಡಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಸೀಲು ಒತ್ತಿದ. ನೇರಳೆ ಬಣ್ಣ ಅರ್ಧ ಹರಡಿತು. ದಿನಾಂಕ ಕಾಣುತ್ತಿರಲಿಲ್ಲ. ಪೆನ್ನಿನಲ್ಲಿ ಬರೆದು ಕೊಡು ಅಂದೆ. ಬರೆದ, ಕೆಳಗೆ ಚಿಕ್ಕ ರುಜು ಹಾಕಿದ. ಇನ್‌ವರ್ಡ್ ನಂಬರೂ ಕೊಟ್ಟ.

ಹುಡುಗನ ಮೇಲೆ ನನಗೆ ಕೋಪವಿಲ್ಲ. ಗುತ್ತಿಗೆ ನೌಕರ. ಕೌನ್ಸಿಲರ್ ಮೇಲಿನ ದೂರಿಗೆ ಸೀಲು ಹಾಕಿದವನು ನೀನೇನಾ ಎಂದು ನಾಳೆ ಕೇಳುವವರು ಅವನನ್ನೇ.

22 ಮೇ, ಬುಧವಾರ

ಮುಳಬಾಗಿಲಿಗೆ ನೆಂಟರ ಮನೆ ಗೃಹಪ್ರವೇಶಕ್ಕೆ ಹೋಗಿದ್ದೆ. ಡಿವಿಜಿ 1887ರಲ್ಲಿ ಹುಟ್ಟಿದ ಊರು. ಊಟಕ್ಕೆ ಕೂತಾಗ ಪಕ್ಕದವರೊಬ್ಬರು ಕಗ್ಗದ ಪದ್ಯ ಹೇಳಿದರು. ಹೇಳಲಿ. ಆದರೆ ಅದೇ ಡಿವಿಜಿ ಪ್ರಜೆಗೆ ರಾಜಕೀಯದ ತಿಳಿವಳಿಕೆ ಬೇಕು ಎಂದು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದವರು, 'ರಾಜ್ಯಶಾಸ್ತ್ರ' ಬರೆದವರು. ಆ ಪುಸ್ತಕವನ್ನು ಯಾವ ಮುನಿಸಿಪಾಲಿಟಿಯ ಬೀರುವಿನಲ್ಲೂ ನಾನು ಕಂಡಿಲ್ಲ. ಕಗ್ಗದ ಸಾಲು ಮಾತ್ರ ಗೋಡೆ ಗೋಡೆಯ ಮೇಲೆ.

ಅರ್ಜಿ ವಿಚಾರ ಎತ್ತಿದೆ. ನೆಂಟರು ದನಿ ತಗ್ಗಿಸಿ, "ನಿಮಗ್ಯಾಕೆ ಭಾವ ಇದೆಲ್ಲ" ಅಂದರು. 2022ರ ಜೂನ್‌ನಲ್ಲಿ ಇದೇ ಊರಿನ ನಗರಸಭೆ ಸದಸ್ಯ ಜಗನ್ ಮೋಹನ್ ರೆಡ್ಡಿಯವರನ್ನು ಬೆಳಗಿನ ಜಾವ ಕೊಚ್ಚಿ ಕೊಂದದ್ದು, 2023ರ ಅಕ್ಟೋಬರ್‌ನಲ್ಲಿ ಶ್ರೀನಿವಾಸಪುರದಲ್ಲಿ ಜನ 'ಕೌನ್ಸಿಲರ್' ಎಂದೇ ಕರೆಯುತ್ತಿದ್ದ ಕಾಂಗ್ರೆಸ್ ಮುಖಂಡ ಶ್ರೀನಿವಾಸನ್ ಅವರ ಕೊಲೆಯಾದದ್ದು, ಎರಡೂ ಇನ್ನೂ ಹಸಿ. ಸತ್ತವರು ಮುಖಂಡರು, ಬಲ ಇದ್ದವರು. ಅಂಥವರಿಗೇ ಹೀಗಾದರೆ ಇಡ್ಲಿ ಮಾರುವವರು ಹೆಸರು ಹಾಕುವ ಮುನ್ನ ಹತ್ತು ಸಲ ಯೋಚಿಸುವುದರಲ್ಲಿ ತಪ್ಪೇನು? ಜನ ದೂರು ಕೊಡುವುದಿಲ್ಲ, ನಿರಾಸಕ್ತರು ಎಂದು ಭಾಷಣ ಮಾಡುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

7 ಜೂನ್, ಶುಕ್ರವಾರ

ನಿನ್ನೆಗೆ ನೀತಿ ಸಂಹಿತೆ ಮುಗಿಯಿತು. ಇವತ್ತು ಮಾಹಿತಿ ಹಕ್ಕಿನ ಅರ್ಜಿ ಹಾಕಿಸಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ನಮೂನೆ 'ಎ', ಒಂದೇ ವಿಷಯ, ನೂರೈವತ್ತು ಪದದೊಳಗೆ. ಕರ್ನಾಟಕದ ನಿಯಮವೇ ಹಾಗಿದೆ, ಉದ್ದ ಬರೆದರೆ ಅದೇ ಕಾರಣಕ್ಕೆ ವಾಪಸ್. ಕೇಳಿದ್ದು ಇಷ್ಟೇ: ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಆ ವಾರ್ಡಿಗೆ ನೀರು ಹೊಡೆದ ಟ್ಯಾಂಕರಿನ ಟ್ರಿಪ್ ಶೀಟುಗಳ ದೃಢೀಕೃತ ನಕಲು. "ಕೌನ್ಸಿಲರ್ ನಡತೆ ಸರಿಯೇ?" ಎಂದು ಮಾಹಿತಿ ಹಕ್ಕಿನಲ್ಲಿ ಕೇಳುವಂತಿಲ್ಲ. ಕಾಗದ ಕೇಳಬೇಕು. ಕಾಗದ ತಾನೇ ಮಾತಾಡುತ್ತದೆ.

15 ಜೂನ್, ಶನಿವಾರ

ಕೌನ್ಸಿಲರ್ ಖುದ್ದು ಸ್ಕೂಟರ್ ನಿಲ್ಲಿಸಿ ಒಳಗೆ ಬಂದ. ಹೆಂಡತಿ ಕಾಫಿ ತಂದುಕೊಟ್ಟಳು. ಬೈಯುತ್ತಾನೆ ಅಂದುಕೊಂಡಿದ್ದೆ, ಬೈಯಲಿಲ್ಲ.

"ಏನ್ ಸಾರ್, ನೀವೂ ಬರ್ಕೊಟ್ರಾ? ನನ್ನ ಕಷ್ಟ ನಿಮಗೆ ಗೊತ್ತಿಲ್ವಾ? ಯಾರಾದ್ರೂ ಸತ್ರೆ ಆಂಬುಲೆನ್ಸ್‌ಗೆ ನಾನು, ಗಂಡ ಹೆಂಡ್ತಿ ಹೊಡ್ದಾಡಿದ್ರೆ ಸ್ಟೇಷನ್‌ಗೆ ನಾನು, ರೇಷನ್ ಕಾರ್ಡ್‌ಗೆ ನಾನು. ಸರ್ಕಾರ ಕೊಡೋ ಗೌರವಧನ ಪೆಟ್ರೋಲ್‌ಗೆ ಸಾಲಲ್ಲ. ಅದೂ ಬೋರ್ಡೇ ಇಲ್ಲ. ಅಧ್ಯಕ್ಷರಿಲ್ಲ, ಮೀಟಿಂಗ್ ಇಲ್ಲ. ಆಡಳಿತಾಧಿಕಾರಿ ಹೇಳಿದ್ದೇ ವೇದ. ನಾನ್ಯಾರು ಟ್ಯಾಂಕರ್ ತಿರುಗಿಸೋಕೆ?"

ಹೇಳಿದ್ದರಲ್ಲಿ ಮುಕ್ಕಾಲು ನಿಜ. ಈ ಊರುಗಳ ಕೌನ್ಸಿಲರುಗಳು 2019ರಲ್ಲಿ ಗೆದ್ದರು. ಮಾಲೂರು, ಶ್ರೀನಿವಾಸಪುರದವರು ಮೇ ತಿಂಗಳಲ್ಲಿ, ಕೋಲಾರ, ಮುಳಬಾಗಿಲಿನವರು ನವೆಂಬರ್‌ನಲ್ಲಿ. ಅಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟ್ ಮೆಟ್ಟಿಲೇರಿ 2020ರ ಕೊನೆಯ ತನಕ ಕುರ್ಚಿ ಖಾಲಿ. ಆಮೇಲೆ ಮೂವತ್ತು ತಿಂಗಳ ಮೊದಲ ಅವಧಿ. ಅದು ಮುಗಿದು ವರ್ಷ ಕಳೆಯಿತು, ಮತ್ತೆ ಖಾಲಿ. ಗೆದ್ದವರಿಗೂ ಗೆಲ್ಲಿಸಿದವರಿಗೂ ಇದು ಮೋಸವೇ.

ಆದರೆ ಅಧಿಕಾರವಿಲ್ಲದ ಮನುಷ್ಯನ ಮಾತಿಗೆ ಟ್ಯಾಂಕರು ಭಾವನ ಸಂಪಿನ ಕಡೆ ಹೇಗೆ ತಿರುಗಿತು ಎಂದು ಕೇಳಿದೆ. ಕಾಫಿ ಲೋಟ ಕೆಳಗಿಟ್ಟು, "ಡ್ರೈವರ್‌ನ ಕೇಳ್ಬೇಕು" ಎಂದು ಎದ್ದ. ಹೋಗುವಾಗ ಇವಳಿಗೆ, "ಕಾಫಿ ಚೆನ್ನಾಗಿತ್ತು ಅಕ್ಕಾ" ಅಂದ. ಓಟು ಬೀಳುವುದು ಇಂಥ ಮಾತಿಗೇ.

5 ಜುಲೈ, ಶುಕ್ರವಾರ

ಟ್ರಿಪ್ ಶೀಟು ಬಂತು, ಮೂವತ್ತು ದಿನದೊಳಗೇ. ಕೊಟ್ಟ ನೌಕರರಿಗೆ ಒಂದು ನಮಸ್ಕಾರ.

ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆವು. ದಿನಾಂಕ, ವಾಹನ ಸಂಖ್ಯೆ, ಬೀದಿ, ಲೀಟರು, ಕೊನೆಯಲ್ಲಿ 'ನೀರು ಪಡೆದ ಸಾರ್ವಜನಿಕರ ಸಹಿ', ಅದರ ಪಕ್ಕ ವಾರ್ಡ್ ಸದಸ್ಯರ ಸಹಿ. ಆಯಮ್ಮ ಕನ್ನಡಕ ಏರಿಸಿ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು. ಏಪ್ರಿಲ್ ಹಾಳೆಗೆ ಬಂದಾಗ ಬೆರಳು ನಿಂತಿತು. ಅವರ ಹೆಸರೇ. ನೀರು ಬಾರದೆ ಹೋಟೆಲು ಮುಚ್ಚಿದ್ದ ದಿನ, ನೀರು ಪಡೆದದ್ದಕ್ಕೆ ಅವರ ಸಹಿ. ದುಂಡು ದುಂಡಾದ ಕನ್ನಡ ಅಕ್ಷರದಲ್ಲಿ.

"ಅಯ್ಯೋ, ನಂಗೆ ಕನ್ನಡದಲ್ಲಿ ಸಹಿ ಹಾಕೋಕೇ ಬರಲ್ಲವಲ್ಲಾ ಸಾರ್!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದೇ ಕೈಬರಹ ಬೇರೆ ಬೇರೆ ಹೆಸರಲ್ಲಿ ಆ ಹಾಳೆಯ ತುಂಬ ಇದೆ. ಎಲ್ಲದರ ಪಕ್ಕ ಕೌನ್ಸಿಲರ್ ಸಹಿ. ತಾನು ಯಾರು ಎಂದು ಕೇಳಿದನಲ್ಲ, ಇಗೋ ಉತ್ತರ.

18 ಜುಲೈ, ಗುರುವಾರ

ಮೊದಲ ಅರ್ಜಿಗೆ ಹಿಂಬರಹ ಬಂದಿದೆ. ಜಿಲ್ಲಾಧಿಕಾರಿ ಕಚೇರಿಯಿಂದ ನಗರಾಭಿವೃದ್ಧಿ ಕೋಶಕ್ಕೆ, ಅಲ್ಲಿಂದ "ನಿಯಮಾನುಸಾರ ಕ್ರಮ ಕೈಗೊಂಡು ವರದಿ ಸಲ್ಲಿಸಲು" ಅದೇ ಮುನಿಸಿಪಾಲಿಟಿಗೆ. ಯಾವ ಕಟ್ಟಡದಿಂದ ಹೊರಟಿತೋ ಅಲ್ಲಿಗೇ ಬಂದು ಬಿದ್ದಿತು. ಮುಖ್ಯ ಅಧಿಕಾರಿ ತನ್ನ ಬಜೆಟ್ಟಿಗೆ ಕೈ ಎತ್ತಬೇಕಾದ ಸದಸ್ಯನ ಮೇಲೆ ತಾನೇ ವರದಿ ಬರೆಯಬೇಕು!

ರಾತ್ರಿ 1964ರ ಪುರಸಭೆಗಳ ಕಾಯ್ದೆಯ ನನ್ನ ಹಳೇ ಪ್ರತಿ ತೆಗೆದೆ. ಕರ್ತವ್ಯದಲ್ಲಿ ದುರ್ನಡತೆ ಅಥವಾ ನಾಚಿಕೆಗೇಡಿನ ನಡತೆಗೆ ಸದಸ್ಯನನ್ನು ತೆಗೆಯುವುದು 41ನೇ ಕಲಂ. ಅಧಿಕಾರ ಇರುವುದು ಬೆಂಗಳೂರಿನ ಸರ್ಕಾರಕ್ಕೆ, ವಿಚಾರಣೆ ನಡೆಸಿ, ಆತನ ಮಾತು ಕೇಳಿದ ಮೇಲೆ. 16ನೇ ಕಲಂ ಪ್ರಕಾರ ಮುನಿಸಿಪಾಲಿಟಿಯ ಗುತ್ತಿಗೆಯಲ್ಲಿ ಸದಸ್ಯನಿಗೋ ಅವನ ಪಾಲುದಾರನಿಗೋ ಪಾಲಿದ್ದರೆ ಅನರ್ಹತೆ. ಭಾವ ಪಾಲುದಾರನಲ್ಲ. ಕಾನೂನು ಬರೆದವರಿಗೆ ನಮ್ಮ ಕಡೆಯ ಭಾವ-ಮೈದುನರ ವ್ಯವಹಾರ ತಿಳಿದಿರಲಿಲ್ಲ ಅಂತ ಕಾಣುತ್ತದೆ.

ಇದಕ್ಕೆ ಹೋಲಿಸಿದರೆ ಪಕ್ಷದವರ ದಾರಿ ನೇರ. ಕೊಳ್ಳೇಗಾಲ ನಗರಸಭೆಯಲ್ಲಿ 2020ರ ಅಧ್ಯಕ್ಷರ ಚುನಾವಣೆಯಲ್ಲಿ ವಿಪ್ ಉಲ್ಲಂಘಿಸಿದರೆಂದು ಬಿಎಸ್‌ಪಿಯ ಏಳು ಸದಸ್ಯರ ಮೇಲೆ ದೂರು ಹೋಯಿತು. ಪಕ್ಷಾಂತರ ನಿಷೇಧದ 1987ರ ಕಾಯ್ದೆಯಡಿ 2021ರಲ್ಲಿ ಜಿಲ್ಲಾಧಿಕಾರಿಯೇ ಏಳೂ ಜನರನ್ನು ಅನರ್ಹಗೊಳಿಸಿದರು. ಪಕ್ಷದ ಮಾತು ಮೀರಿದರೆ ಜಿಲ್ಲಾ ಕೇಂದ್ರದಲ್ಲೇ ತೀರ್ಮಾನ, ವರ್ಷದೊಳಗೆ. ಓಟು ಹಾಕಿದವಳನ್ನು ಬೀದಿಯಲ್ಲಿ ನಿಲ್ಲಿಸಿ ಹೀಗಳೆದರೆ ಕಡತ ವಿಧಾನಸೌಧದ ಕಡೆ ನಡೆದು ಹೋಗಬೇಕು. ಕೌನ್ಸಿಲರ್ ಯಾರಿಗೆ ಹೆದರಬೇಕು ಎಂದು ಕಾನೂನೇ ಹೇಳಿಕೊಟ್ಟ ಹಾಗಿದೆ.

ಹಳ್ಳಿಯವರೇ ವಾಸಿ. ಅಲ್ಲಿ ಗ್ರಾಮಸಭೆ ಅಂತ ಒಂದಿದೆ, ಕಾಟಾಚಾರಕ್ಕಾದರೂ ಮೆಂಬರು ಎದುರು ನಿಲ್ಲಬೇಕು. ಪಟ್ಟಣದಲ್ಲಿ ವಾರ್ಡ್ ಸಮಿತಿ ಕಡ್ಡಾಯವೆಂದು ಸಂವಿಧಾನ ಹೇಳುವುದು ಮೂರು ಲಕ್ಷ ಜನಸಂಖ್ಯೆ ದಾಟಿದರೆ. 2011ರ ಗಣತಿಯಲ್ಲಿ ಕೋಲಾರದ್ದೇ 1.38 ಲಕ್ಷ. ಉಳಿದ ಮೂರು ಇನ್ನೂ ಚಿಕ್ಕವು.

6 ಆಗಸ್ಟ್, ಮಂಗಳವಾರ

ಪೇಪರಿನ ತುಂಬ ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಪಟ್ಟಿ. ಅಂತೂ ಬಂತು. ಕೋಲಾರ 35, ಮುಳಬಾಗಿಲು 31, ಮಾಲೂರು 27, ಶ್ರೀನಿವಾಸಪುರ 23, ನಾಲ್ಕೂ ಸೇರಿ 116 ಕೌನ್ಸಿಲರುಗಳು ಇವತ್ತು ಫೋನು ಬಿಟ್ಟು ಏಳುವುದಿಲ್ಲ.

ಕ್ಲಾಕ್ ಟವರ್ ಹತ್ತಿರ ಸಿಕ್ಕ ಮೇಷ್ಟ್ರು, ಕೌನ್ಸಿಲರುಗಳನ್ನು ವಾಪಸ್ ಕರೆಸುವ ಕಾನೂನು ಬರಬೇಕು ಅಂದರು. ಮಧ್ಯಪ್ರದೇಶದಲ್ಲಿ ಪಟ್ಟಣಗಳ ಅಧ್ಯಕ್ಷರಿಗೆ ಅಂಥದ್ದು ನಡೆದದ್ದುಂಟು. ಜನ ಅದನ್ನು 'ಖಾಲಿ ಕುರ್ಸಿ, ಭರಿ ಕುರ್ಸಿ' ಚುನಾವಣೆ ಅನ್ನುತ್ತಾರೆ, ಯಾವ ಕುರ್ಚಿಗೆ ಓಟು ಹೆಚ್ಚೋ ಅದು. ಆದರೆ ಅಲ್ಲೂ ಅದು ಶುರುವಾಗಬೇಕಾದರೆ ಮುಕ್ಕಾಲು ಪಾಲು ಕೌನ್ಸಿಲರುಗಳ ಸಹಿ ಬೇಕು. ಬೀದಿಯವರು ಸಹಿ ಹಾಕಿದರೆ ಏನೂ ಆಗದು. ಮೇಷ್ಟ್ರಿಗೆ ಇಷ್ಟು ಹೇಳುವಷ್ಟರಲ್ಲಿ ಅವರ ಬಸ್ಸು ಬಂತು.

10 ಸೆಪ್ಟೆಂಬರ್, ಮಂಗಳವಾರ

ಬೋರ್ಡು ಬಂದಿದೆ, ಮಳೆಯೂ ಬಿದ್ದಿದೆ, ಟ್ಯಾಂಕರಿನ ಮಾತು ಯಾರೂ ಎತ್ತುವುದಿಲ್ಲ. ನಮ್ಮ ಕೌನ್ಸಿಲರ್ ಗೆದ್ದ ಗುಂಪಿನಲ್ಲಿದ್ದಾನೆ, ಗಣೇಶನ ಫ್ಲೆಕ್ಸಿನಲ್ಲಿ ನಗುತ್ತಿದ್ದಾನೆ.

ಇವತ್ತು ಲೋಕಾಯುಕ್ತಕ್ಕೆ ಕಳಿಸಿದೆವು. 1984ರ ಕಾಯ್ದೆಯಡಿ ಸ್ಥಳೀಯ ಸಂಸ್ಥೆಯ ಸದಸ್ಯರೂ ಸಾರ್ವಜನಿಕ ನೌಕರರೇ. ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ. ನೋಟರಿ ಮುಂದೆ ಕೂತಾಗ ಆಯಮ್ಮನಿಗೆ ಸ್ಪಷ್ಟವಾಗಿ ಹೇಳಿದೆ: ಬೇಕೆಂದೇ ಸುಳ್ಳು ದೂರು ಕೊಟ್ಟರೆ ಇದೇ ಕಾಯ್ದೆಯಲ್ಲಿ ಜೈಲೂ ಇದೆ. "ಸುಳ್ಳು ಸಹಿ ನಾನು ಹಾಕಿಲ್ವಲ್ಲ ಸಾರ್" ಎಂದು ತೆಲುಗಿನಲ್ಲಿ ಬರೆದರು, ಅಚ್ಚುಕಟ್ಟಾಗಿ. ಟ್ರಿಪ್ ಶೀಟಿನ ನಕಲು, ಮೇ 13ರ ಸೀಲು ಬಿದ್ದ ಅರ್ಜಿ, ಜುಲೈ ಹಿಂಬರಹ, ಮೂರನ್ನೂ ಲಗತ್ತಿಸಿ ರಿಜಿಸ್ಟರ್ಡ್ ಪೋಸ್ಟ್ ಮಾಡಿ ರಸೀದಿ ಅವರ ಕೈಗೇ ಕೊಟ್ಟೆ.

ಲೋಕಾಯುಕ್ತವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅದಕ್ಕೂ ಏಳುಬೀಳು ಉಂಟು. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಮಾಡಿ ಅದರ ಕೈ ಕಟ್ಟಿದರು, 2022ರಲ್ಲಿ ಹೈಕೋರ್ಟು ಎಸಿಬಿ ರದ್ದು ಮಾಡಿ ಅಧಿಕಾರ ಮರಳಿಸಿತು. ಆದರೂ 41ನೇ ಕಲಮಿನ ಕಡತ ಸದಸ್ಯತ್ವ ಮುಗಿದ ದಿನವೇ ಸಾಯುತ್ತದೆ, ತೆಗೆಯಲು ಸದಸ್ಯನೇ ಇರುವುದಿಲ್ಲ. ಈಗಿನವರ ಐದು ವರ್ಷ ಮೊದಲ ಸಭೆಯಿಂದ ಲೆಕ್ಕ, ಮುಂದಿನ ವರ್ಷದ ಕೊನೆಗೆ ತೀರುತ್ತದೆ. ಲೋಕಾಯುಕ್ತದಲ್ಲಿ ಆಪಾದನೆಗೆ ಐದು ವರ್ಷದ ಕಾಲಾವಕಾಶ ಇದೆ, ಆತ ಕುರ್ಚಿಯಲ್ಲಿರಲಿ ಬಿಡಲಿ.

ಮುಂದಿನ ಸಲ ಹೊಸ ಕೌನ್ಸಿಲರುಗಳು ಬಂದಾಗ ನನ್ನ ಜಗುಲಿಗೆ ಬರುವವರಿಗೆ ಹೇಳುವುದು ಇಷ್ಟು: ಐದನೇ ವರ್ಷದ ತನಕ ಸಹಿಸಿಕೊಂಡು ಕೂರಬೇಡಿ, ಮೊದಲ ಬೇಸಿಗೆಯಲ್ಲೇ ಬರೆಯಿರಿ, ಹೆಸರು ಹಾಕಿ, ಸೀಲು ಬೀಳದೆ ಸ್ಟೂಲು ಬಿಟ್ಟು ಏಳಬೇಡಿ.